ಸೊಂಟನೋವಿಗೆ ಆಸ್ಟಿಯೋಪಥಿ: ಒಂದೂವರೆ ವರ್ಷದ ಬಳಕೆಯ ನಂತರ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ನಮಗೆ ಎರಡು ಎಕರೆ ಅಡಿಕೆ ತೋಟವಿದೆ. ಎರಡು ವರ್ಷಗಳ ಹಿಂದಿನ ಮಳೆಗಾಲದಲ್ಲಿ, ಕೊಳೆರೋಗಕ್ಕೆ ಮದ್ದು ಬಿಡುವ ದಿನ ಬೋರ್ಡೋ ದ್ರಾವಣದ ಕೊಡವನ್ನು ಎತ್ತಿಕೊಂಡು ಜಾರುವ ಬರೆ ಹತ್ತುತ್ತಿದ್ದಾಗ ನನ್ನ ಸೊಂಟ ಹಿಡಿದುಕೊಂಡಿತು. ವೈದ್ಯರು ಎಕ್ಸ್‌ರೇ ತೆಗೆಸಿ, ಗಾಬರಿಪಡುವಂಥದ್ದು ಏನೂ ಇಲ್ಲವೆಂದು ಮಾತ್ರೆ ಬರೆದುಕೊಟ್ಟರು. ಆಮೇಲೆ ನಮ್ಮ ಕಡೆಯ ವಾಡಿಕೆಯಂತೆ ಎರಡು ವಾರ ಉಳಿಚ್ಚಿಲ್, ಅಂದರೆ ಎಣ್ಣೆ ಹಚ್ಚಿ ಮೈ ತಿಕ್ಕುವ ಚಿಕಿತ್ಸೆ, ಮಾಡಿಸಿಕೊಂಡೆ. ಹಾಯೆನಿಸಿತಾದರೂ ಜನವರಿಯಲ್ಲಿ ಚಾಲಿ ಅಡಿಕೆ ಸುಲಿಯಲು ಕುಳಿತ ಮೂರನೆಯ ದಿನವೇ ನೋವು ಮರಳಿತು. ಹಾಗಾಗಿ ಫೆಬ್ರವರಿಯಲ್ಲಿ, ಭಾವನವರ ಮಾತಿನಂತೆ, ಮಂಗಳೂರಿನ ಒಂದು ಆಸ್ಟಿಯೋಪಥಿ ಚಿಕಿತ್ಸಾಲಯಕ್ಕೆ ಹೋದೆ. ಇದುವರೆಗೆ ಹನ್ನೊಂದು ಬಾರಿ ಚಿಕಿತ್ಸೆ ಪಡೆದಿದ್ದೇನೆ.

‘ಆಸ್ಟಿಯೋ’ ಎಂದರೆ ಗ್ರೀಕಿನಲ್ಲಿ ಎಲುಬು. ಹೆಸರಿನಲ್ಲಿ ಎಲುಬಿದ್ದರೂ ಆಸ್ಟಿಯೋಪಥಿ ಮುರಿದ ಎಲುಬು ಕೂಡಿಸುವ ನಾಟಿವೈದ್ಯವಲ್ಲ. ಸ್ನಾಯು, ಕೀಲು, ಎಲುಬುಗಳ ಚಲನೆಯನ್ನು ಕೈಯಿಂದಲೇ ಪರೀಕ್ಷಿಸಿ, ಕೈಯಿಂದಲೇ ಸಡಿಲಿಸುವ ಪದ್ಧತಿ. ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ 1874ರಲ್ಲಿ ಇದನ್ನು ಮುಂದಿಟ್ಟು, 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಶಾಲೆ ತೆರೆದರು. ಇಂದು ಅಮೆರಿಕದಲ್ಲಿ ಈ ಶಾಖೆಯ ಪದವೀಧರರು ಔಷಧಿ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ವೈದ್ಯರಾದರೆ, ಬ್ರಿಟನ್‌ನಲ್ಲಿ 1993ರ ಕಾಯ್ದೆಯಡಿ ನೋಂದಾಯಿತರಾದವರು ಕೈಚಿಕಿತ್ಸೆಗೆ ಸೀಮಿತರು. ಒಂದೇ ಹೆಸರಿಗೆ ಊರಿಗೊಂದು ಅರ್ಥವಿರುವುದರಿಂದ, ಚಿಕಿತ್ಸಕರು ಎಲ್ಲಿ ಏನು ಕಲಿತವರೆಂದು ಸಂಕೋಚವಿಲ್ಲದೆ ಕೇಳಬೇಕು. ನನ್ನ ಚಿಕಿತ್ಸಕರು ಫಿಸಿಯೋಥೆರಪಿ ಪದವಿಯ ಮೇಲೆ ಈ ತರಬೇತಿ ಪಡೆದವರು.

ಮೊದಲ ದಿನದ ಒಂದು ಗಂಟೆಯಲ್ಲಿ ಮುಕ್ಕಾಲು ಪಾಲು ಪ್ರಶ್ನೆ ಮತ್ತು ಪರೀಕ್ಷೆಗೇ ಹೋಯಿತು. ರಾತ್ರಿ ನೋವಿನಿಂದ ಎಚ್ಚರವಾಗುತ್ತದೆಯೇ, ಜ್ವರ ಬಂದಿದೆಯೇ, ಕಾರಣವಿಲ್ಲದೆ ತೂಕ ಇಳಿದಿದೆಯೇ, ಹಿಂದೆ ಕ್ಯಾನ್ಸರ್ ಬಂದಿತ್ತೇ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದೇನೆಯೇ ಎಂದೆಲ್ಲ ಕೇಳಿದರು. ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ ತಮ್ಮಲ್ಲಿಗೆ ಬರದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕೆಂದು ಎರಡು ಸಲ ಹೇಳಿದರು. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಆ ಮಾತಿನಿಂದ. ಮುಂದೆ ನೆರೆಮನೆಯ ಅಕ್ಕನನ್ನು ಕರೆದೊಯ್ದಾಗಲೂ, ಅವರ ಎಲುಬು ಸವೆದಿರುವುದನ್ನು ವರದಿಯಲ್ಲಿ ನೋಡಿ, ಜೋರಾಗಿ ಒತ್ತುವ ಯಾವ ವಿಧಾನವೂ ಬೇಡವೆಂದು ಹಿಂದಕ್ಕೆ ಕಳುಹಿಸಿದರು.

ಚಿಕಿತ್ಸೆ ನಾನು ಎಣಿಸಿದ್ದಕ್ಕಿಂತ ಮೆತ್ತಗಿತ್ತು. ಎಣ್ಣೆಯಿಲ್ಲದೆ ಸ್ನಾಯುಗಳನ್ನು ನಿಧಾನವಾಗಿ ಒತ್ತುವುದು, ಸೊಂಟದ ಕೀಲನ್ನು ಸುತ್ತಿಸುವುದು, ನಾನು ಕಾಲಿನಿಂದ ಅವರ ಕೈಯನ್ನು ಕೆಲವು ಸೆಕೆಂಡು ತಳ್ಳಿ ಬಿಟ್ಟೊಡನೆ ಅದೇ ಕಾಲನ್ನು ಇನ್ನಷ್ಟು ಎಳೆಯುವುದು, ಹೆಚ್ಚಿನದೆಲ್ಲ ಇಷ್ಟೇ. ಎರಡು ಸಲ ಮಾತ್ರ ಥಟ್ಟನೆ ತಿರುಗಿಸಿದಾಗ ‘ಲಟಕ್’ ಎಂದಿತು. ಅದು ಜಾರಿದ ಎಲುಬು ಸ್ವಸ್ಥಾನಕ್ಕೆ ಬಂದ ಶಬ್ದವಲ್ಲ, ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆಗೆ ಸಂಬಂಧಿಸಿದ್ದು ಎಂದು ಅವರೇ ತಿಳಿಸಿದರು. ಮರುದಿನ ಮೈಕೈ, ಬಹಳ ದಿನಗಳ ಮೇಲೆ ಗುದ್ದಲಿ ಹಿಡಿದವನಂತೆ ನೋಯುತ್ತಿತ್ತು. ಎರಡು ದಿನಗಳಲ್ಲಿ ಇಳಿಯಿತು.

ವಾರಕ್ಕೊಂದರಂತೆ ನಾಲ್ಕು ಚಿಕಿತ್ಸೆ ಮುಗಿಯುವಷ್ಟರಲ್ಲಿ ಬಗ್ಗಿ ಅಡಿಕೆ ಹಾಳೆ ಹೆಕ್ಕುವಂತಾದೆ. ಆದರೆ ಜುಲೈಯಲ್ಲಿ ನೋವು ಮತ್ತೆ ಬಂತು, ಮೊದಲಿನ ಅರ್ಧದಷ್ಟು. ನನ್ನ ದೊಡ್ಡ ಅಸಮಾಧಾನ ಇಲ್ಲಿಯೇ ಇದೆ: ಮನೆಯಲ್ಲಿ ಮಾಡಬೇಕಾದ ವ್ಯಾಯಾಮವನ್ನು ಅವರು ಸರಿಯಾಗಿ ಕಲಿಸಿದ್ದು ಈ ಮರುಕಳಿಕೆಯ ನಂತರ. ಸೊಂಟನೋವಿಗೆ ಕೈಚಿಕಿತ್ಸೆಯನ್ನು ವ್ಯಾಯಾಮದ ಜೊತೆಗೆ ಮಾತ್ರ ಪರಿಗಣಿಸಬೇಕೆಂದು ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2016ರ ಮಾರ್ಗಸೂಚಿಯೇ ಹೇಳುತ್ತದೆ. ಅದನ್ನು ನಾನು ಮೊದಲೇ ಓದಿದ್ದರೆ ಮೊದಲ ವಾರವೇ ಕೇಳುತ್ತಿದ್ದೆ. ಈಗ ಬೆಳಿಗ್ಗೆ ಹದಿನೈದು ನಿಮಿಷ ವ್ಯಾಯಾಮ, ಸುಲಿಯಲು ನೆಲದ ಬದಲು ಎತ್ತರದ ಮಣೆ, ಮದ್ದಿನ ದಿನ ಅರ್ಧ ಕೊಡ. ಕೈಚಿಕಿತ್ಸೆ ನೋವನ್ನು ಇಳಿಸಿ ವ್ಯಾಯಾಮಕ್ಕೆ ದಾರಿ ಮಾಡಿಕೊಟ್ಟಿತು, ಆ ಇಳಿತವನ್ನು ಉಳಿಸಿದ್ದು ಇವು ಎಂಬುದು ನನ್ನ ಅಂದಾಜು.

ಅವರು ಸೂಚಿಸಿದ್ದರಲ್ಲಿ ಎರಡನ್ನು ನಾನು ಒಪ್ಪಲಿಲ್ಲ. ಒಂದು, ಕತ್ತನ್ನು ತಿರುಗಿಸುವುದು. ಕತ್ತನ್ನು ಥಟ್ಟನೆ ತಿರುಗಿಸುವುದರಿಂದ ಅಪರೂಪಕ್ಕಾದರೂ ಅಲ್ಲಿನ ರಕ್ತನಾಳಕ್ಕೆ ಏಟಾಗುವ ಸಂಭವವಿದೆ. ಸೊಂಟನೋವಿಗೆ ಬಂದವನಿಗೆ ಅದರ ಅಗತ್ಯವೂ ಇರಲಿಲ್ಲ. ಮನೆಯವಳ ತಲೆನೋವಿಗೆ ತಲೆಬುರುಡೆಯನ್ನು ಹಗುರವಾಗಿ ಒತ್ತುವ ವಿಧಾನವನ್ನೂ ಸೂಚಿಸಿದರು. ಅದಕ್ಕೆ ಆಧಾರ ಬಹಳ ದುರ್ಬಲವಾದ್ದರಿಂದ ಬೇಡವೆಂದೆವು, ಅವರೂ ಒತ್ತಾಯಿಸಲಿಲ್ಲ.

ಮೊದಲ ಭೇಟಿಗೆ 1,200 ರೂಪಾಯಿ, ಆಮೇಲೆ ಪ್ರತಿ ಸಲ 900 ರೂಪಾಯಿ ಕೊಟ್ಟಿದ್ದೇನೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಕುಲುಕುತ್ತ ಮರಳಿದರೆ ಕೊಟ್ಟ ಹಣದ ಅರ್ಧ ದಾರಿಯಲ್ಲೇ ಉದುರಿದಂತೆ. ಕುಂಬಳೆಯಿಂದ ರೈಲು ಹಿಡಿಯುವುದು ಲೇಸು. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ವ್ಯಾಯಾಮವನ್ನು ಮೊದಲ ದಿನವೇ ಕಲಿಸಿದ್ದರೆ ನಾಲ್ಕು ಕೊಡುತ್ತಿದ್ದೆ.