ನೈಟ್ರೋ ಕಾರು ಬ್ರೇಕ್ ಹಾಕಿದ ಕೂಡಲೇ ಆಫ್ ಆಗುತ್ತಿದೆಯಾ? ಎಂಜಿನ್ ಬಿಚ್ಚಿಸುವ ಮುಂಚೆ ಕ್ಲಚ್ ನೋಡಿ

ನೈಟ್ರೋ ಆರ್‌ಸಿ ಕಾರು (ನೈಟ್ರೋ ಇಂಧನದ ಪುಟ್ಟ ಎಂಜಿನ್ನಿನಿಂದ ಓಡುವ ರಿಮೋಟ್ ಕಾರು) ಇಟ್ಟುಕೊಂಡವರಿಗೆ, ಅದರಲ್ಲೂ ಸೆಕೆಂಡ್ ಹ್ಯಾಂಡ್ ತಗೊಳ್ಳಲು ಹೊರಟವರಿಗೆ ಈ ಮಾತು. ಥ್ರಾಟಲ್ ಮುಟ್ಟದೆಯೇ ಕಾರು ತಾನಾಗಿ ಮುಂದಕ್ಕೆ ಸರಿಯುತ್ತಿದ್ದರೆ, ಬ್ರೇಕ್ ಹಾಕಿದ ಕೂಡಲೇ ಎಂಜಿನ್ ನಿಂತುಹೋಗುತ್ತಿದ್ದರೆ, ದಯವಿಟ್ಟು ಕಾರ್ಬುರೇಟರ್ ಸ್ಕ್ರೂಗೆ ಕೈ ಹಾಕಬೇಡಿ. ಯಾರಾದರೂ ‘ಪಿಸ್ಟನ್ ಹೋಗಿದೆ’ ಅಂದರೆ ತಕ್ಷಣ ದುಡ್ಡು ಕೊಡಬೇಡಿ. ಮೊದಲು ಕ್ಲಚ್ ಬೆಲ್, ಅಂದರೆ ಕ್ಲಚ್ಚನ್ನು ಮುಚ್ಚಿರುವ ಬಟ್ಟಲಿನಂಥ ಭಾಗ, ತಿರುಗಿಸಿ ನೋಡಿ. ಅದೂ ಕಾರು ಬಿಸಿಯಾಗಿರುವಾಗಲೇ ನೋಡಿ.

ನನ್ನದು ಎಂಟನೇ ಒಂದು ಸ್ಕೇಲಿನ ಬಗ್ಗಿ, 3.5 ಸಿಸಿ ಎಂಜಿನ್. ಬೇರೆಯವರು ಓಡಿಸಿ ಮಾರಿದ ಗಾಡಿ. ತಗೊಳ್ಳುವಾಗ ಷಾಸಿ ಚೆನ್ನಾಗಿತ್ತು, ಡಿಫರೆನ್ಷಿಯಲ್‌ಗಳು ನುಣ್ಣಗೆ ತಿರುಗುತ್ತಿದ್ದವು, ಕಂಪ್ರೆಷನ್ ಗಟ್ಟಿಯಾಗಿತ್ತು. ಸ್ಟಾರ್ಟರ್ ಬಾಕ್ಸ್ ಮೇಲಿಟ್ಟರೆ ಒಂದೇ ಸಲಕ್ಕೆ ಸ್ಟಾರ್ಟ್. ಅರ್ಧ ಟ್ಯಾಂಕ್ ಖಾಲಿಯಾಗುವವರೆಗೆ ಏನೂ ತೊಂದರೆ ಇರಲಿಲ್ಲ. ಆಮೇಲೆ ಶುರುವಾಯಿತು. ತಿರುವಿನಲ್ಲಿ ಬ್ರೇಕ್ ಹಾಕಿದರೆ ಎಂಜಿನ್ ಆಫ್. ಮತ್ತೆ ಸ್ಟಾರ್ಟ್ ಮಾಡಿ ಇಳಿಸಿದರೆ ಚಕ್ರ ನೆಲ ಮುಟ್ಟಿದ ಕೂಡಲೇ ಆಫ್. ಸ್ಟ್ಯಾಂಡ್ ಮೇಲೆ ಎತ್ತಿಟ್ಟರೆ, ಥ್ರಾಟಲ್ ಕೊಡದ ನಿಧಾನ ಓಟದಲ್ಲಿ, ಅಂದರೆ ಐಡಲ್‌ನಲ್ಲೇ ಚಕ್ರಗಳು ಗಿರಗಿರ ತಿರುಗುತ್ತಿದ್ದವು. ಸ್ವಲ್ಪ ಹೊತ್ತು ತಣ್ಣಗಾಗಲು ಬಿಟ್ಟರೆ ಮತ್ತೆ ಎಲ್ಲ ಸರಿ.

ಈ ‘ತಣ್ಣಗಾದರೆ ಸರಿ’ ಅನ್ನುವುದರಲ್ಲೇ ಇಡೀ ಕಥೆ ಇದೆ. ರಿಪೇರಿಗೆ ಕೊಟ್ಟ ಕಡೆ ಇದನ್ನು ಬಿಡಿಸಿ ಹೇಳಿದ್ದೆ. ಅವರು ಟೇಬಲ್ ಮೇಲೆ ತಣ್ಣಗೆ ಕೂತಿದ್ದ ಕಾರಿನ ಬೆಲ್ಲನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿ, ಕ್ಲಚ್ ಫ್ರೀ ಇದೆ, ತೊಂದರೆ ಎಂಜಿನ್ನಿನದು ಅಂದುಬಿಟ್ಟರು. ಮೊದಲು ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಬದಲಾಯಿತು. ಆಮೇಲೆ ಕಾರ್ಬುರೇಟರಿನ ಲೋ ಸ್ಪೀಡ್ ನೀಡಲ್ ಬಿಗಿ ಮಾಡಿ ಮಿಶ್ರಣವನ್ನು ಲೀನ್ ಮಾಡಿದರು, ಅಂದರೆ ಇಂಧನದ ಪಾಲು ಕಡಿಮೆ ಮಾಡಿದರು. ನಿಂತುಹೋಗಬಾರದು ಅಂತ ಐಡಲ್ ಏರಿಸಿದರು. ಕೊನೆಗೆ ಪಿಸ್ಟನ್ ಸ್ಲೀವ್ ಸೆಟ್ಟನ್ನೇ ಹೊಸದಾಗಿ ಹಾಕಿ ಸಾವಿರಗಟ್ಟಲೆ ಬಿಲ್ ಮಾಡಿದರು. ಕಾಯಿಲೆ ಅಲ್ಲೇ ಇತ್ತು, ಜೊತೆಗೆ ಹೊಸದೊಂದು ಸೇರಿಕೊಂಡಿತು. ನೈಟ್ರೋ ಎಂಜಿನ್ನಿಗೆ ಪ್ರತ್ಯೇಕ ಆಯಿಲ್ ಇರಲ್ಲ, ಇಂಧನದಲ್ಲಿ ಬೆರೆತ ಎಣ್ಣೆಯೇ ಅದಕ್ಕೆ ಗತಿ. ಮಿಶ್ರಣ ಲೀನ್ ಆದರೆ ಇಂಧನದ ಜೊತೆ ಎಣ್ಣೆಯೂ ಕಡಿಮೆಯಾಗುತ್ತದೆ, ಬಿಸಿ ಜಾಸ್ತಿಯಾಗುತ್ತದೆ. ಹೊಸ ಪಿಸ್ಟನ್ನಿಗೆ ಬ್ರೇಕ್ ಇನ್, ಅಂದರೆ ಓಡಿಸಿ ಹದಗೊಳಿಸುವ ಸಮಯದಲ್ಲಿ ಇದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ.

ಐಡಲ್ ಏರಿಸಿದ್ದು ಇನ್ನೂ ಅಪಾಯದ ಕೆಲಸ. ಹಿಡಿದುಕೊಂಡ ಕ್ಲಚ್ಚಿಗೆ ಜಾಸ್ತಿ ಐಡಲ್ ಕೊಟ್ಟರೆ ಕಾರು ನಿಮ್ಮ ಮಾತು ಕೇಳದೆ ಓಡುತ್ತದೆ, ಅಷ್ಟೇ. ನಮ್ಮ ಬಡಾವಣೆಯ ಖಾಲಿ ಸೈಟಿನಲ್ಲಿ ಆದದ್ದೂ ಅದೇ. ಪಕ್ಕದ ಮನೆಯ ಹುಡುಗ ಕಾರನ್ನು ಬಾಕ್ಸಿನಿಂದ ಎತ್ತಿ ಕೆಳಗಿಡುತ್ತಿದ್ದ. ರೇಡಿಯೋ (ರಿಮೋಟ್) ನನ್ನ ಕೈಯಲ್ಲಿತ್ತು, ಟ್ರಿಗರ್ ಮುಟ್ಟಿರಲಿಲ್ಲ. ಚಕ್ರ ನೆಲಕ್ಕೆ ತಾಗಿದ್ದೇ ತಡ, ಕಾರು ಚಂಗನೆ ಹಾರಿತು. ಹಿಂದಿನ ಟೈರಿನ ಮುಳ್ಳುಗಳು ಅವನ ಮಣಿಕಟ್ಟಿನ ಒಳಮಗ್ಗುಲಲ್ಲಿ ಉಜ್ಜಿಕೊಂಡು ಹೋದವು. ಚರ್ಮ ಸುಲಿದು ಕೆಂಪು ಗೆರೆಗಳೆದ್ದವು. ಮೂರೂವರೆ ಕಿಲೋ ತೂಕದ ಗಾಡಿ ಅದು, ಆಟಿಕೆ ಅಂತ ಕರೆದರೂ ಆಟಿಕೆಯಲ್ಲ. ಬ್ರೇಕ್ ಹಿಡಿಯುವಷ್ಟರಲ್ಲಿ ಕಾಂಪೌಂಡ್ ಗೋಡೆಗೆ ಹೊಡೆದು ಮುಂದಿನ ತೋಳು ಮುರಿಯಿತು. ತೋಳು ಹೋದದ್ದು ಹೋಗಲಿ. ಹುಡುಗನ ಬೆರಳು ಸ್ಪರ್ ಗೇರಿಗೆ, ಅಂದರೆ ಬೆಲ್ಲಿನ ಹಲ್ಲಿಗೆ ಕೂಡಿ ತಿರುಗುವ ದೊಡ್ಡ ಗೇರಿಗೆ, ಸಿಕ್ಕಿದ್ದರೆ?

ಇಂಥ ಹೊತ್ತಲ್ಲಿ ಎಂಜಿನ್ ನಿಲ್ಲಿಸುವುದು ಹೇಗೆ ಅಂತ ಮೊದಲೇ ಗೊತ್ತಿರಬೇಕು. ಇಂಧನದ ಪೈಪನ್ನು ಬೆರಳಲ್ಲಿ ಹಿಸುಕಿ, ಇಲ್ಲವೇ ದಪ್ಪ ಬಟ್ಟೆ ಮಡಚಿ ಸೈಲೆನ್ಸರ್ ಬಾಯಿಗೆ ಒತ್ತಿ. ಬರಿಗೈ ಬೇಡ, ಸುಡುತ್ತದೆ. ಇಂಧನ ಚೆಲ್ಲಿದ್ದರೆ ಇನ್ನೂ ಹುಷಾರು. ಅದರಲ್ಲಿ ಹೆಚ್ಚಿನ ಪಾಲು ಮೆಥನಾಲ್. ಅದರ ಉರಿ ಹಗಲು ಬೆಳಕಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ.

ಕೊನೆಗೆ ದಾರಿ ತೋರಿಸಿದ್ದು ತುಂಬ ವರ್ಷಗಳಿಂದ ನೈಟ್ರೋ ಓಡಿಸಿದ ಹಿರಿಯರೊಬ್ಬರು. ಅವರು ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ. ತೊಂದರೆ ಕಾಣಿಸುವವರೆಗೂ ಓಡಿಸು ಅಂದರು. ಎಂಜಿನ್ ನಿಂತ ತಕ್ಷಣ ಗ್ಲೌಸ್ ಹಾಕಿಕೊಂಡು ಕಾರನ್ನು ಎತ್ತಿ ಹಿಡಿದು, ಸ್ಪರ್ ಗೇರನ್ನು ಮೆಲ್ಲಗೆ ತಿರುಗಿಸಿದರು. ಬೆಲ್ ಮಾತ್ರ ತಿರುಗಬೇಕಿತ್ತು, ಎಂಜಿನ್ ಜೊತೆ ತಿರುಗುವ ಚಕ್ರ, ಫ್ಲೈವೀಲ್, ಸುಮ್ನೆ ಇರಬೇಕಿತ್ತು. ಎರಡೂ ಒಟ್ಟಿಗೆ ತಿರುಗಿದವು. ‘ನಿನ್ನ ಎಂಜಿನ್‌ಗೆ ಏನೂ ಆಗಿರಲಿಲ್ಲ ಕಣಪ್ಪಾ’ ಅಂದರು.

ಈ ಕ್ಲಚ್ ಕೆಲಸ ಮಾಡುವ ರೀತಿ ತಿಳಿದರೆ ಪರೀಕ್ಷೆಯೂ ಅರ್ಥವಾಗುತ್ತದೆ. ಫ್ಲೈವೀಲ್ ಮೇಲೆ ಮೂರೋ ನಾಲ್ಕೋ ಶೂಗಳಿರುತ್ತವೆ, ಸ್ಪ್ರಿಂಗ್‌ಗಳು ಅವನ್ನು ಒಳಕ್ಕೆ ಎಳೆದು ಹಿಡಿದಿರುತ್ತವೆ. ಜಾತ್ರೆಯ ಸುತ್ತು ತೊಟ್ಟಿಲು ಜೋರಾದಂತೆ ಕುರ್ಚಿಗಳು ಹೊರಕ್ಕೆ ಏಳುವ ಹಾಗೆ, ಎಂಜಿನ್ ವೇಗ ಏರಿದಾಗ ಶೂಗಳು ಹೊರಕ್ಕೆ ಚಾಚಿ ಬೆಲ್ಲಿನ ಒಳಗೋಡೆ ಹಿಡಿಯುತ್ತವೆ. ಆಗ ಕಾರು ಓಡುತ್ತದೆ. ಐಡಲ್‌ನಲ್ಲಿ ಶೂ ಮತ್ತು ಬೆಲ್ ಒಂದಕ್ಕೊಂದು ತಾಗಲೇಬಾರದು. ಬೆಲ್ ಕೂತಿರುವುದು ಎರಡು ಪುಟ್ಟ ಬೇರಿಂಗ್‌ಗಳ ಮೇಲೆ. ನನ್ನ ಗಾಡಿಯಲ್ಲಿ ಅವು 5×10×4 ಮಿಮೀ ಅಳತೆಯವು. ಅವು ಹಿಡಿದುಕೊಂಡರೆ ಶೂ ತಾಗದಿದ್ದರೂ ಎಂಜಿನ್ನಿನ ಕ್ರ್ಯಾಂಕಿನ ಜೊತೆ ಬೆಲ್ ತಿರುಗುತ್ತದೆ. ಬ್ರೇಕ್ ಹಾಕಿದರೆ ಚಕ್ರ ನಿಲ್ಲುತ್ತದೆ, ಬೆಲ್ ನಿಲ್ಲುತ್ತದೆ, ಅದರ ಜೊತೆಗೇ ಎಂಜಿನ್ನೂ ನಿಲ್ಲುತ್ತದೆ.

ಬಿಚ್ಚಿದಾಗ ಒಳಗೆ ಕಂಡದ್ದು ಇದು. ಬೆಲ್ಲಿನ ಅಂಚು ನೀಲಿಗೆ ತಿರುಗಿತ್ತು. ಉಕ್ಕು ಸುಮಾರು 300 ಡಿಗ್ರಿ ಬಿಸಿಯಾದಾಗ ಬರುವ ಬಣ್ಣ ಅದು. ಒಳಬದಿಯ ಬೇರಿಂಗಿನ ಮುಚ್ಚಳ ಕಿತ್ತುಹೋಗಿ, ಗುಂಡುಗಳನ್ನು ಹಿಡಿದಿಡುವ ಪಂಜರ ಚೂರಾಗಿತ್ತು. ಇಂಧನದ ಹರಳೆಣ್ಣೆ ಸುಟ್ಟು ಕಂದು ಅಂಟಾಗಿ ಮೆತ್ತಿಕೊಂಡಿತ್ತು, ಅದರಲ್ಲಿ ಕೆಂಪು ಮಣ್ಣು ಕೂತಿತ್ತು. ಮೂಲ ಕಾರಣ ಮಾತ್ರ ಹೊರಗಡೆಯೇ ಇತ್ತು. ಬೆಲ್ ಅಲ್ಲಾಡಬಾರದು ಅಂತ ಹಿಂದಿನವರು ಯಾರೋ ಸ್ಕ್ರೂ ಕೆಳಗೆ ಒಂದರ ಮೇಲೊಂದು ಶಿಮ್ (ತೆಳು ವಾಷರ್) ಪೇರಿಸಿ ಗಟ್ಟಿಯಾಗಿ ಬಿಗಿದಿದ್ದರು. ಬೇರಿಂಗ್‌ಗಳ ಮೇಲೆ ಪಕ್ಕದಿಂದ ಒತ್ತಡ ಬಿದ್ದಿತ್ತು. ತಣ್ಣಗಿದ್ದಾಗ ಕೂದಲೆಳೆಯಷ್ಟು ಸಡಿಲ ಉಳಿದಿತ್ತು. ಲೋಹ ಬಿಸಿಯಾಗಿ ಹಿಗ್ಗಿದ ಮೇಲೆ ಅದೂ ಇರಲಿಲ್ಲ.

ಬೆಲ್ ಸ್ವಲ್ಪ ಹಿಂದೆಮುಂದೆ ಆಡಲೇಬೇಕು. ನಾವು ಎ4 ಹಾಳೆ ಎರಡರ ದಪ್ಪದಷ್ಟು, ಅಂದರೆ ಸುಮಾರು 0.2 ಮಿಮೀ ಆಟ ಬಿಟ್ಟೆವು. ಶಿಮ್‌ಗಳು 0.1 ಮತ್ತು 0.2 ಮಿಮೀ ದಪ್ಪದಲ್ಲಿ ಸಿಗುತ್ತವೆ, ಒಂದೊಂದೇ ತೆಗೆದು ಹಾಕಿ ನೋಡಬೇಕು. ಪೂರ್ತಿ ಬಿಗಿದ ಮೇಲೇ ಪರೀಕ್ಷೆ ಮಾಡಿ, ಅರ್ಧ ಬಿಗಿದ ಸ್ಕ್ರೂ ಸುಳ್ಳು ಹೇಳುತ್ತದೆ. ಒಳಬದಿಯಲ್ಲಿ ಶಿಮ್ ಕಡಿಮೆಯಾದರೂ ತೊಂದರೆ, ಆಗ ಬೆಲ್ ಒಳಕ್ಕೆ ಸರಿದು ಶೂಗೋ ಫ್ಲೈವೀಲಿಗೋ ಉಜ್ಜುತ್ತದೆ. ಉಜ್ಜಿದ ಜಾಗದಲ್ಲಿ ಹೊಳೆಯುವ ಉಂಗುರದಂಥ ಗುರುತು ಬಿದ್ದಿರುತ್ತದೆ.

ಬೇರಿಂಗ್ ಸರಿ ಇದ್ದೂ ಕಾರು ಸರಿಯುತ್ತಿದ್ದರೆ ಸ್ಪ್ರಿಂಗ್ ಮುರಿದಿದೆಯಾ, ಶೂ ಉಲ್ಟಾ ಕೂತಿದೆಯಾ ನೋಡಿ. ಬೆಲ್ ಗೇರ್ ಮತ್ತು ಸ್ಪರ್ ಗೇರ್ ನಡುವೆ ಕಾಗದದ ಪಟ್ಟಿ ತೂರಿಸಿ ತಿರುಗಿಸಿ. ಪಟ್ಟಿ ಹರಿಯದೆ, ನಿರಿಗೆಯಾಗಿ ಹೊರಬರಬೇಕು. ಐಡಲ್ ಸ್ಕ್ರೂ ಇದೆಲ್ಲ ಆದಮೇಲೆ.

ಎರಡು ಹೊಸ ಬೇರಿಂಗ್ ಹಾಕಿ, ಶಿಮ್ ಸರಿ ಮಾಡಿ, ಐಡಲ್ ಇಳಿಸಿ, ನೀಡಲ್ ಸಡಿಲಿಸಿ ಮಿಶ್ರಣವನ್ನು ಮತ್ತೆ ರಿಚ್ ಮಾಡಿದೆವು, ಅಂದರೆ ಇಂಧನ ಹೆಚ್ಚಿಸಿದೆವು. ಟ್ಯಾಂಕ್ ಪೂರ್ತಿ ಖಾಲಿಯಾಗುವವರೆಗೆ ಓಡಿತು, ಬ್ರೇಕ್ ಹಾಕಿದರೆ ಟಕ್ ಟಕ್ ಅಂತ ಐಡಲ್‌ನಲ್ಲಿ ನಿಂತಿತು. ಆ ಬೇರಿಂಗ್‌ಗಳ ಬೆಲೆ ಪಿಸ್ಟನ್ ಸೆಟ್ಟಿನ ಬಿಲ್ಲಿನ ಮುಂದೆ ಏನೇನೂ ಅಲ್ಲ. ಕ್ಲಚ್ ಬೇರಿಂಗ್ ಸವೆಯುವ ವಸ್ತು, ಒಂದು ಜೊತೆ ಯಾವಾಗಲೂ ಬಾಕ್ಸಿನಲ್ಲಿರಲಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಮಾರುವವರ ಎದುರೇ ಒಂದು ಟ್ಯಾಂಕ್ ಪೂರ್ತಿ ಓಡಿಸಿ, ಬಿಸಿಯಲ್ಲೇ ಬೆಲ್ ತಿರುಗಿಸಿ ನೋಡಿ. ಒಪ್ಪದಿದ್ದರೆ ಬಿಟ್ಟುಬಿಡಿ. ರಿಪೇರಿಗೆ ಕೊಟ್ಟರೆ, ಅವರು ಬಿಚ್ಚಿದ ಹಳೆಯ ಭಾಗಗಳನ್ನು ಕೇಳಿ ವಾಪಸ್ ತಗೊಳ್ಳಿ. ನನ್ನ ಹಳೆಯ ಪಿಸ್ಟನ್ ಸ್ಲೀವ್ ಕೇಳಿದಾಗ ‘ಬಿಸಾಕಿಬಿಟ್ವಿ’ ಅಂದರು. ಗಟ್ಟಿ ಕಂಪ್ರೆಷನ್ ಇದ್ದ ಸೆಟ್ ಅದು.