ಒಲೆ ಕೊಳ್ಳುವ ಮೊದಲು ಚಿಮಣಿ ನೋಡಿಸಿ

ಬ್ರಿಟನ್ನಿನಲ್ಲಿ ವಿಕ್ಟೋರಿಯಾ ಕಾಲದ ಸಾಲುಮನೆಯೊಂದನ್ನು ಕೊಂಡು, ಅದರ ಹಳೆಯ ಫೈರ್‌ಪ್ಲೇಸಿನ ಜಾಗದಲ್ಲಿ ಸೌದೆ ಒಲೆ ಕೂರಿಸಬೇಕೆಂದು ಯೋಚಿಸುತ್ತಿರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಶೆಫೀಲ್ಡಿನ ನಮ್ಮ ಮನೆಗೆ ಅಂಗಡಿಯೊಂದು ಮಾರಿ, ತಾನೇ ಆಳು ಕಳುಹಿಸಿ ಜೋಡಿಸಿಕೊಟ್ಟ ಒಲೆಯಿಂದ ಪಕ್ಕದ ಮನೆಯ ಮಲಗುವ ಕೋಣೆಗೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಸೋರಿತು. ಯಾರ ಪ್ರಾಣಕ್ಕೂ ಸಂಚಕಾರ ಬರಲಿಲ್ಲವೆಂಬುದಕ್ಕೆ ಆ ಮನೆಯವರು ಗೋಡೆಗೆ ತಗುಲಿಸಿಕೊಂಡಿದ್ದ ಅಲಾರಮ್ಮೊಂದೇ ಕಾರಣ. ಹಣದ ವಿಚಾರ ಇತ್ಯರ್ಥವಾಗಿರುವುದರಿಂದ ಅಂಗಡಿಯ ಹೆಸರನ್ನು ಎತ್ತುವುದಿಲ್ಲ. ಹೆಸರಿಗಿಂತ ಅವರು ಕೆಲಸ ಮಾಡಿದ ರೀತಿಯನ್ನು ತಿಳಿದುಕೊಳ್ಳುವುದೇ ನಿಮಗೆ ಉಪಯೋಗಕ್ಕೆ ಬರುತ್ತದೆ.

ತೆರೆದ ಫೈರ್‌ಪ್ಲೇಸನ್ನು ತೆಗೆಸಬೇಕೆಂಬ ಆಸೆ ತಪ್ಪಲ್ಲ. ಅದರಲ್ಲಿ ಉರಿಸಿದ ಸೌದೆಯ ಶಾಖದಲ್ಲಿ ಹೆಚ್ಚಿನ ಪಾಲು ಚಿಮಣಿಯಿಂದ ಹೊರಗೆ ಹೋಗುತ್ತದೆ. ಹೋಗುವಾಗ ಕೋಣೆಯ ಬೆಚ್ಚನೆಯ ಗಾಳಿಯನ್ನೂ ಎಳೆದುಕೊಂಡು ಹೋಗುವುದರಿಂದ ಬೆಂಕಿಯ ಮುಂದೆ ಕುಳಿತವರ ಮುಖ ಸುಡುತ್ತಿದ್ದರೂ ಬೆನ್ನು ತಣ್ಣಗೇ ಇರುತ್ತದೆ. ಗಾಜಿನ ಬಾಗಿಲಿನ ಮುಚ್ಚಿದ ಒಲೆಯಲ್ಲಿ ಗಾಳಿ ಅಳತೆಯಲ್ಲಿ ಒಳಬರುವುದರಿಂದ ಸೌದೆಯೂ ಕಡಿಮೆ ಸಾಕು, ಶಾಖವೂ ಕೋಣೆಯಲ್ಲೇ ಉಳಿಯುತ್ತದೆ. ಗೂಡಿನೊಳಗೇ ಹುದುಗಿಸುವ ಒಲೆ, ಕಾಲುಗಳ ಮೇಲೆ ನಿಲ್ಲುವ ಒಲೆ, ವಿದ್ಯುತ್ತಿನ ನೆರವಿನಿಂದ ಮರದ ಗುಳಿಗೆಗಳನ್ನು ಉರಿಸುವ ಪೆಲೆಟ್ ಒಲೆ ಎಂದು ಆಯ್ಕೆಗಳೂ ಹಲವಿವೆ. ಮಾರುವವರು ಇವುಗಳ ರೂಪ, ಬಣ್ಣ, ಜ್ವಾಲೆಯ ಚೆಂದವನ್ನು ಎಷ್ಟು ಹೊತ್ತು ಬೇಕಾದರೂ ವರ್ಣಿಸುತ್ತಾರೆ. ಆ ಒಲೆಯ ಹೊಗೆ ಯಾವ ದಾರಿಯಲ್ಲಿ ಹೊರಗೆ ಹೋಗಬೇಕು ಎಂಬ ಮಾತನ್ನು ಮಾತ್ರ ನಮ್ಮ ಅಂಗಡಿಯವರು ಒಮ್ಮೆಯೂ ಎತ್ತಲಿಲ್ಲ.

ಅವರು ನಮಗೆ ಮಾರಿದ್ದು 8 ಕಿಲೋವ್ಯಾಟ್ ಒಲೆ. ನಮ್ಮ ಕೋಣೆ ಉದ್ದಗಲದಲ್ಲಿ ನಾಲ್ಕು ನಾಲ್ಕು ಮೀಟರ್, ಎತ್ತರ ಮೂರು ಮೀಟರಿಗೆ ಸ್ವಲ್ಪ ಕಡಿಮೆ. 14 ಘನ ಮೀಟರಿಗೆ ಒಂದು ಕಿಲೋವ್ಯಾಟ್ ಎಂಬ ಇಲ್ಲಿನ ರೂಢಿಯ ಲೆಕ್ಕ ಹಿಡಿದರೆ ಆ ಕೋಣೆಗೆ ಮೂರೂವರೆ ಕಿಲೋವ್ಯಾಟ್ ಧಾರಾಳವಾಯಿತು. ದೊಡ್ಡ ಒಲೆಯನ್ನು ಸಣ್ಣಗೆ ಉರಿಸಿಕೊಂಡರೆ ಆಯಿತಲ್ಲ ಎಂಬ ಸಮಾಧಾನ ಅಂಗಡಿಯವರದು. ಅಪಾಯ ಹುಟ್ಟುವುದೇ ಈ ಸಮಾಧಾನದಲ್ಲಿ. ಕೋಣೆ ಕಾದು ಕೂರಲಾಗದೆ ಗಾಳಿಯ ಕಿಂಡಿಯನ್ನು ಮುಚ್ಚುತ್ತಾ ಬಂದಂತೆ ಸೌದೆ ಉರಿಯುವುದನ್ನು ಬಿಟ್ಟು ಕನಲತೊಡಗುತ್ತದೆ. ಕನಲುವ ಸೌದೆಯಿಂದ ಶಾಖ ಕಡಿಮೆಯಾಗಿ ಹೊಗೆ, ಟಾರು ಮತ್ತು ಕಾರ್ಬನ್ ಮೊನಾಕ್ಸೈಡ್ ಹೆಚ್ಚುತ್ತವೆ. ಇದಲ್ಲದೆ ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗಸೂಚಿಯಾದ ಅಪ್ರೂವ್ಡ್ ಡಾಕ್ಯುಮೆಂಟ್ ಜೆ ಪ್ರಕಾರ ಹಳೆಯ ಮನೆಗಳಲ್ಲಿ 5 ಕಿಲೋವ್ಯಾಟ್ ಮೀರಿದ ಒಲೆ ಇಟ್ಟರೆ, ಮೀರಿದ ಪ್ರತಿ ಕಿಲೋವ್ಯಾಟಿಗೆ 550 ಚದರ ಮಿಲಿಮೀಟರಿನಂತೆ, ಮುಚ್ಚಲು ಬಾರದ ಗಾಳಿಕಿಂಡಿಯನ್ನು ಕೋಣೆಗೆ ಕೊಡಬೇಕು. ನಮ್ಮಲ್ಲಿ 1650 ಚದರ ಮಿಲಿಮೀಟರಿನ ಕಿಂಡಿ ಇರಬೇಕಾಗಿತ್ತು. ಒಂದು ತೂತನ್ನೂ ಕೊರೆಯಲಿಲ್ಲ. ನಿಮಗೆ ಯಾರಾದರೂ 5 ಕಿಲೋವ್ಯಾಟಿಗಿಂತ ದೊಡ್ಡ ಒಲೆಯನ್ನು ತೋರಿಸಿದರೆ ಕಿಂಡಿ ಎಲ್ಲಿ ಕೊರೆಯುತ್ತೀರಿ ಎಂದು ಕೇಳಿನೋಡಿ. ಉತ್ತರ ತಡವರಿಸಿದರೆ ಆ ಅಂಗಡಿಯಿಂದ ಹೊರಬನ್ನಿ.

ಇನ್ನು ಚಿಮಣಿಯ ವಿಷಯ. 1965ರ ಕಟ್ಟಡ ನಿಯಮಗಳು ಬರುವುದಕ್ಕೆ ಮುಂಚೆ ಕಟ್ಟಿದ ಮನೆಗಳ ಚಿಮಣಿಗಳಲ್ಲಿ ಹೆಚ್ಚಿನವಕ್ಕೆ ಒಳಗೆ ಮಣ್ಣಿನ ಕೊಳವೆಯ ಹೊದಿಕೆ ಇರುವುದಿಲ್ಲ. ಇಟ್ಟಿಗೆಯ ಮೇಲೆ ಸುಣ್ಣದ ಗಾರೆ ಬಳಿದಿರುತ್ತಾರೆ, ಅಷ್ಟೇ. ದಶಕಗಟ್ಟಲೆ ಕಲ್ಲಿದ್ದಲಿನ ಹೊಗೆಯ ಆಮ್ಲ ತಿಂದ ಮೇಲೆ ಆ ಗಾರೆ ಉದುರಿ, ಇಟ್ಟಿಗೆಗಳ ಸಂದಿನ ಗಾರೆಯೂ ಪುಡಿಯಾಗಿರುತ್ತದೆ. ಸಾಲುಮನೆಗಳಲ್ಲಿ ಎರಡು ಮನೆಗಳ ಹೊಗೆದಾರಿಗಳು ಒಂದೇ ಗೋಡೆಯೊಳಗೆ ಅಕ್ಕಪಕ್ಕ ಏರುತ್ತವೆ, ನಡುವೆ ಇರುವುದು ಒಂದು ವರಸೆ ಇಟ್ಟಿಗೆ ಮಾತ್ರ. ಆದ್ದರಿಂದಲೇ ಇಂತಹ ಚಿಮಣಿಯೊಳಗೆ ಒಲೆಯಿಂದ ತುದಿಯವರೆಗೆ ಸ್ಟೇನ್‌ಲೆಸ್ ಸ್ಟೀಲಿನ ಬಾಗುವ ಕೊಳವೆಯನ್ನು, ಅಂದರೆ ಲೈನರನ್ನು, ಇಳಿಬಿಡುತ್ತಾರೆ. ನಮ್ಮ ಮನೆಗೆ ಬಂದವನು ಟಾರ್ಚು ಹಿಡಿದು ಗೂಡಿನೊಳಗೆ ಒಮ್ಮೆ ಇಣುಕಿ, ಚಿಮಣಿ ಗಟ್ಟಿಮುಟ್ಟಾಗಿದೆ, ಲೈನರಿಗೆ ದಂಡವಾಗಿ ಹಣ ಸುರಿಯಬೇಡಿ ಎಂದು ಹೇಳಿ ಹೋದ. ಕ್ಯಾಮರಾ ಇಳಿಸಲಿಲ್ಲ, ಹೊಗೆ ಹಾಕಿ ಪರೀಕ್ಷಿಸಲಿಲ್ಲ, ಚಿಮಣಿಯನ್ನು ಗುಡಿಸಿಯೂ ಇರಲಿಲ್ಲ. ಗೂಡಿನ ಬಾಯಿಗೆ ಅಡ್ಡಲಾಗಿ ಒಂದು ಉಕ್ಕಿನ ತಗಡು ಬಡಿದು, ಅದರ ತೂತಿನಲ್ಲಿ ಒಲೆಯ ಆರು ಅಂಗುಲದ ಕೊಳವೆಯನ್ನು ಒಂದು ಗೇಣು ಮೇಲಕ್ಕೆ ತೂರಿಸಿ, ಸುತ್ತ ಸಿಮೆಂಟು ಮೆತ್ತಿ ಕೆಲಸ ಮುಗಿಸಿಬಿಟ್ಟ.

ಒಂಬತ್ತು ಅಂಗುಲ ಚೌಕದ ಇಟ್ಟಿಗೆಯ ದಾರಿಯ ವಿಸ್ತೀರ್ಣ ಆರು ಅಂಗುಲದ ದುಂಡು ಕೊಳವೆಯ ವಿಸ್ತೀರ್ಣಕ್ಕಿಂತ ಸುಮಾರು ಮೂರು ಪಟ್ಟು ದೊಡ್ಡದು. ಇಕ್ಕಟ್ಟಿನಿಂದ ಏಕಾಏಕಿ ವಿಶಾಲಕ್ಕೆ ಬಂದ ಹೊಗೆ ವೇಗ ಕಳೆದುಕೊಂಡು ತಣ್ಣಗಾಗುತ್ತದೆ, ತಣ್ಣಗಾದದ್ದು ಗೋಡೆಗೆ ಟಾರಾಗಿ ಅಂಟುತ್ತದೆ, ಎಳೆತ ಕುಗ್ಗಿದಾಗ ಅನಿಲಗಳು ಸಿಕ್ಕ ಸಂದಿಯಲ್ಲಿ ದಾರಿ ಹುಡುಕುತ್ತವೆ. ಇದನ್ನು ತಿಳಿಯಲು ದೊಡ್ಡ ತಂತ್ರಜ್ಞಾನವೇನೂ ಬೇಕಿಲ್ಲ. ಒಲೆ ಜೋಡಿಸುವುದನ್ನೇ ಕಸುಬಾಗಿಸಿಕೊಂಡವನಿಗೆ ಇದು ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ.

ಮೊದಲ ಚಳಿಗಾಲದಲ್ಲೇ ಲಕ್ಷಣಗಳು ಕಾಣಿಸಿಕೊಂಡವು. ಎಷ್ಟು ಒರೆಸಿದರೂ ಗಾಜು ಮರುದಿನಕ್ಕೆ ಕಪ್ಪಾಗುತ್ತಿತ್ತು, ಬಾಗಿಲು ತೆರೆದರೆ ಹೊಗೆ ಕೋಣೆಗೆ ಹೊರಳುತ್ತಿತ್ತು, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಇನ್ನೂ ಜಾಸ್ತಿ. ಅಂಗಡಿಗೆ ಫೋನು ಮಾಡಿದರೆ ಸೌದೆ ಹಸಿಯಿರಬೇಕು ಎಂಬ ಒಂದೇ ಪಲ್ಲವಿ. ಮಲೆನಾಡಿನ ಬಚ್ಚಲೊಲೆಯ ಮುಂದೆ ಊದುಕೊಳವೆ ಹಿಡಿದು ಬೆಳೆದವನಿಗೆ ಹಸಿ ಸೌದೆ ಯಾವುದು, ಒಣಗಿದ್ದು ಯಾವುದು ಎಂದು ಕೈಯಲ್ಲಿ ಎತ್ತಿದರೆ ತಿಳಿಯುತ್ತದೆ. ಆದರೂ ತೇವಾಂಶದ ಮೀಟರು ತಂದು, ತುಂಡನ್ನು ಸೀಳಿ ಒಳಮುಖಕ್ಕೆ ಚುಚ್ಚಿ ನೋಡಿದಾಗ ಅದು 20 ಶೇಕಡಾಕ್ಕಿಂತ ಕೆಳಗೇ ತೋರಿಸಿತು. ಅಷ್ಟರಲ್ಲಿ ಜನವರಿಯ ಒಂದು ರಾತ್ರಿ ಪಕ್ಕದ ಮನೆಯ ಹಿರಿಯ ಮಹಿಳೆ ಕೋಟು ಹೊದ್ದು ನಮ್ಮ ಬಾಗಿಲು ಬಡಿದರು. ಅವರ ಮಹಡಿಯ ಮೇಲಿನ ಅಲಾರಂ ಕೂಗುತ್ತಿದೆ, ಅವರ ಗ್ಯಾಸ್ ಬಾಯ್ಲರ್ ಆರಿದೆ, ಆದರೂ ಕೂಗು ನಿಲ್ಲುತ್ತಿಲ್ಲ. ಅಗ್ನಿಶಾಮಕ ದಳದವರು ಬಂದು ಕೈಮೀಟರು ಹಿಡಿದು ಅವರ ಕೋಣೆಗಳನ್ನು ಸುತ್ತಿದರು. ದಶಕಗಳ ಹಿಂದೆಯೇ ಹಲಗೆ ಬಡಿದು ಮುಚ್ಚಿದ್ದ ಮಲಗುವ ಕೋಣೆಯ ಪುಟ್ಟ ಫೈರ್‌ಪ್ಲೇಸಿನ ಬಳಿ ಅಂಕಿ ಏರಿತು. ನಮ್ಮ ಒಲೆಯನ್ನು ಅಲ್ಲೇ ಆರಿಸಿ, ಕೆಂಡವನ್ನು ಕಬ್ಬಿಣದ ಬಕೆಟ್ಟಿನಲ್ಲಿ ಹೊರಗೆ ಸಾಗಿಸಿದರು. ಕೆಲವು ವಾರಗಳಿಂದ ಬೆಳಗ್ಗೆ ಎದ್ದಾಗ ತಲೆನೋವು, ಓಕರಿಕೆ ಬರುತ್ತಿತ್ತೆಂದೂ ಫ್ಲೂ ಇರಬೇಕೆಂದು ಸುಮ್ಮನಿದ್ದೆನೆಂದೂ ಆಕೆ ಹೇಳಿದರು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಕೊಡುವ ತೊಂದರೆಗಳೂ ಚಳಿಗಾಲದ ಸಾಮಾನ್ಯ ಕಾಯಿಲೆಯ ವೇಷದಲ್ಲೇ ಬರುತ್ತವೆ.

ಮರುವಾರ ನಾವೇ ಗೊತ್ತುಮಾಡಿ ಕರೆಸಿದ ಚಿಮಣಿ ಗುಡಿಸುವವರು ತಗಡಿನಲ್ಲಿ ಮಸಿ ತೆಗೆಯುವ ಬಾಗಿಲೇ ಇಲ್ಲದ್ದನ್ನು ಕಂಡು ತಲೆಯಾಡಿಸಿ, ಒಂದು ಮೂಲೆಯನ್ನು ಕೊಯ್ದು ಕ್ಯಾಮರಾ ಏರಿಸಿದರು. ಊರಿನ ಅಡುಗೆಮನೆಯ ಅಟ್ಟದಲ್ಲಿ ಜೋತಾಡುವ ಇಲ್ಲಣವನ್ನು ನಿರೀಕ್ಷಿಸಿದ್ದ ನನಗೆ ಕಂಡದ್ದು ಬೇರೆಯೇ: ಜೋನಿಬೆಲ್ಲ ಹರಿದು ಹೆಪ್ಪುಗಟ್ಟಿದ ಹಾಗೆ ಗೋಡೆಯುದ್ದಕ್ಕೂ ಮಿರಮಿರನೆ ಹೊಳೆಯುವ ಟಾರು. ಬ್ರಷ್ಷಿಗೆ ಇದು ಬಿಡುವುದಿಲ್ಲ, ಇದಕ್ಕೆ ಬೆಂಕಿ ಹತ್ತಿದರೆ ಚಿಮಣಿಯೇ ಹೊತ್ತಿ ಉರಿಯುತ್ತದೆ ಎಂದರು. ಆಮೇಲೆ ಚಿಮಣಿಯನ್ನು ಕಾಯಿಸಿ, ಹೊಗೆಗುಳಿಗೆ ಹಚ್ಚಿ, ತುದಿಯನ್ನು ಮುಚ್ಚಿದಾಗ ನಮ್ಮ ಅಟ್ಟದ ಇಟ್ಟಿಗೆಗಳ ಸಂದಿನಿಂದಲೂ ಪಕ್ಕದ ಮನೆಯ ಆ ಹಲಗೆಯ ಅಂಚಿನಿಂದಲೂ ಬಿಳಿಯ ಹೊಗೆ ಹೊರಟಿತು. ಒಲೆ ಕೂರಿಸುವ ಮುಂಚೆಯೇ ಮಾಡಬೇಕಾಗಿದ್ದ ಪರೀಕ್ಷೆ ಅದು; ಅದಕ್ಕೆ ಹಿಡಿದದ್ದು ಅರ್ಧ ದಿನವೂ ಅಲ್ಲ.

ಕಾಗದಪತ್ರಗಳ ಕಥೆ ಇದಕ್ಕಿಂತ ಚಿಕ್ಕದು, ಅಷ್ಟೇ ಕೆಟ್ಟದ್ದು. ಇಂಗ್ಲೆಂಡಿನಲ್ಲಿ ಸೌದೆ ಒಲೆ ಕೂರಿಸುವುದು ಕಾನೂನಿನ ಪ್ರಕಾರ ತಿಳಿಸಿ ಮಾಡಬೇಕಾದ ಕೆಲಸ. ಒಂದೋ ಹೆಟಾಸ್‌ನಂತಹ ಸಂಸ್ಥೆಯಲ್ಲಿ ನೋಂದಾಯಿತರಾದವರು ಮಾಡಿ ತಾವೇ ಪ್ರಮಾಣೀಕರಿಸಬೇಕು, ಇಲ್ಲವೇ ಕೆಲಸಕ್ಕೆ ಮುಂಚೆ ಸ್ಥಳೀಯ ಕೌನ್ಸಿಲಿನ ಕಟ್ಟಡ ವಿಭಾಗಕ್ಕೆ ಅರ್ಜಿ ಹಾಕಬೇಕು. ನೋಂದಾಯಿತರು ಕೆಲಸ ಮುಗಿಸಿದ 30 ದಿನಗಳೊಳಗೆ ಪ್ರಮಾಣಪತ್ರ ಮನೆಯವರ ಕೈಸೇರಬೇಕು. ನಮ್ಮ ಅಂಗಡಿಯವರು ಅಂಚೆಯಲ್ಲಿ ಬರುತ್ತದೆ ಎನ್ನುತ್ತಲೇ ತಿಂಗಳುಗಳನ್ನು ದೂಡಿದರು. ಅವರು ಕಳುಹಿಸಿದವನ ಕಾರ್ಡಿನ ಮೇಲೆ ಮುದ್ರೆಯೇನೋ ಇತ್ತು; ವಿಚಾರಿಸಿದಾಗ ಅವನ ನೋಂದಣಿ ಎಂದೋ ಮುಗಿದುಹೋಗಿತ್ತೆಂದು ತಿಳಿಯಿತು. ಕಾರ್ಡನ್ನು ನಂಬಬೇಡಿ, ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದು, ಕೆಲಸಕ್ಕೆ ಬರುವ ವ್ಯಕ್ತಿಯ ಹೆಸರನ್ನೇ ಸಂಸ್ಥೆಯ ಪಟ್ಟಿಯಲ್ಲಿ ಹುಡುಕಿ. ಚಿಮಣಿಯ ವಿವರ ಬರೆದ ಸೂಚನಾ ಫಲಕವನ್ನು ಒಲೆಯ ಬಳಿಯೋ ವಿದ್ಯುತ್ ಫ್ಯೂಸಿನ ಪೆಟ್ಟಿಗೆಯ ಪಕ್ಕದಲ್ಲೋ ಅಂಟಿಸಿ ಹೋಗಬೇಕು. ಒಲೆಯಿರುವ ಕೋಣೆಯಲ್ಲಿ, ಒಲೆಯಿಂದ ಒಂದರಿಂದ ಮೂರು ಮೀಟರ್ ದೂರದಲ್ಲಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕುವುದು 2010ರಿಂದ ಕಡ್ಡಾಯ. ಇವೆರಡೂ ನಮ್ಮಲ್ಲಿ ಇರಲಿಲ್ಲ. ಪ್ರಮಾಣಪತ್ರವಿಲ್ಲದಿದ್ದರೆ ವಿಮೆಯವರೊಂದಿಗೂ, ಮುಂದೆ ಮನೆ ಮಾರುವಾಗ ಕೊಳ್ಳುವವರ ವಕೀಲರೊಂದಿಗೂ ಹೆಣಗಬೇಕಾಗುತ್ತದೆ.

ಶೆಫೀಲ್ಡಿನ ಬಹುಭಾಗ ಹೊಗೆ ನಿಯಂತ್ರಣ ಪ್ರದೇಶ. 1952ರ ಡಿಸೆಂಬರಿನಲ್ಲಿ ಲಂಡನ್ನನ್ನು ಉಸಿರುಗಟ್ಟಿಸಿದ ಹೊಗೆಮಂಜಿನ ಬಳಿಕ ಬಂದ 1956ರ ಶುದ್ಧ ಗಾಳಿ ಕಾಯಿದೆಯಿಂದ ಹುಟ್ಟಿದ ಏರ್ಪಾಡು ಇದು. ಇಂತಹ ಕಡೆ ಸೌದೆ ಉರಿಸಲು ಸರ್ಕಾರದ ಪರಿಸರ ಇಲಾಖೆಯಾದ ಡೆಫ್ರಾದ ವಿನಾಯಿತಿ ಪಡೆದ ಒಲೆಯೇ ಆಗಬೇಕು. ಚಿಮಣಿಯಿಂದ ಹೊಗೆ ಕಂಡರೆ 175ರಿಂದ 300 ಪೌಂಡಿನವರೆಗೆ ದಂಡ ಬೀಳಬಹುದು. 2022ರ ಜನವರಿಯಿಂದ ಮಾರುಕಟ್ಟೆಗೆ ಬರುವ ಹೊಸ ಒಲೆಗಳು, ಹೊಗೆಯ ಕಣಗಳಿಗೂ ದಕ್ಷತೆಗೂ ಮಿತಿ ಹಾಕುವ ಎಕೋಡಿಸೈನ್ ಮಟ್ಟಕ್ಕೂ ಹೊಂದಬೇಕು. ಎಕೋಡಿಸೈನ್ ಎಂದರೆ ಡೆಫ್ರಾ ವಿನಾಯಿತಿ ಇದ್ದೇ ಇರುತ್ತದೆಂದು ಭಾವಿಸಬಾರದು, ಅವೆರಡೂ ಬೇರೆ ಬೇರೆ. ಇಷ್ಟೆಲ್ಲ ಇದ್ದರೂ ಸೌದೆಯ ಹೊಗೆಯ ಸೂಕ್ಷ್ಮ ಕಣಗಳು ಶ್ವಾಸಕೋಶಕ್ಕೆ ಹಾನಿಕರವೆಂಬುದು ಸುಳ್ಳಾಗುವುದಿಲ್ಲ. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ನನ್ನ ಮಟ್ಟಿಗೆ ಈ ಯೋಚನೆಯನ್ನೇ ಬಿಡುವುದು ಒಳ್ಳೆಯದು.

ಸಾಲುಮನೆಯ ಬದಲು 1930ರ ದಶಕದ ಜೋಡಿಮನೆ ಕೊಂಡವರಿಗೆ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಆ ಕಾಲದ ಫೈರ್‌ಪ್ಲೇಸುಗಳ ಹಿಂದೆ ನೀರು ಕಾಯಿಸುವ ಬ್ಯಾಕ್ ಬಾಯ್ಲರ್ ಅಡಗಿರಬಹುದು. ಅದರ ಕೊಳವೆಗಳನ್ನು ಕತ್ತರಿಸಿ ತುದಿ ಬಂದ್ ಮಾಡಿ, ಒಳಗೆ ನೀರು ಉಳಿದಿದ್ದರೆ, ಮುಂದೆ ಬೆಂಕಿ ಹಾಕಿದಾಗ ಆವಿಗೆ ಹೊರದಾರಿಯಿಲ್ಲದೆ ಅದು ಸಿಡಿಯುತ್ತದೆ. ಹೀಗೆ ಸಿಡಿದು ಜನ ಸತ್ತದ್ದೂ ಉಂಟು. ಗೂಡನ್ನು ಪೂರ್ತಿ ಬಿಚ್ಚಿಸಿ ನೋಡದೆ ಅಲ್ಲಿ ಒಂದು ಕಡ್ಡಿಯನ್ನೂ ಹಚ್ಚಬೇಡಿ.

ಹಣ ನಮಗೆ ಮರಳಿದ್ದು ಅಂಗಡಿಯವರ ಸೌಜನ್ಯದಿಂದಲ್ಲ. ಒಲೆಗೂ ಜೋಡಣೆಗೂ ಒಂದೇ ಬಿಲ್ಲಾಗಿತ್ತು, ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದೆವು. 1974ರ ಗ್ರಾಹಕ ಸಾಲ ಕಾಯಿದೆಯ 75ನೆಯ ಕಲಮಿನಂತೆ, ಬೆಲೆ 100 ಪೌಂಡಿಗೆ ಮೇಲ್ಪಟ್ಟು 30,000 ಪೌಂಡಿನೊಳಗಿದ್ದರೆ, ಮಾರಿದವರ ತಪ್ಪಿಗೆ ಕಾರ್ಡು ಕೊಟ್ಟ ಬ್ಯಾಂಕೂ ಸಮಾನ ಹೊಣೆ. ಚಿಮಣಿ ಗುಡಿಸುವವರ ಲಿಖಿತ ವರದಿ, ಕ್ಯಾಮರಾದ ಚಿತ್ರಗಳು, ಅಂಗಡಿಯೊಂದಿಗಿನ ಇಮೇಲುಗಳು, ಇವಿಷ್ಟನ್ನು ಲಗತ್ತಿಸಿ ಬ್ಯಾಂಕಿಗೆ ಬರೆದೆವು. ಒಲೆಯನ್ನು ಒಂದು ಕಡೆ, ಜೋಡಣೆಯನ್ನು ಇನ್ನೊಂದು ಕಡೆ ಕೊಂಡು, ಜೋಡಿಸಿದವನಿಗೆ ನಗದು ಎಣಿಸಿದ್ದರೆ ಬ್ಯಾಂಕಿನ ಹತ್ತಿರ ಈ ವಾದ ನಡೆಯುತ್ತಿರಲಿಲ್ಲ. ಜೋಡಿಸುವವರು ನಗದಿಗೆ ರಿಯಾಯಿತಿ ಕೊಡುತ್ತೇನೆಂದಾಗ ಇದು ನೆನಪಿರಲಿ.

ಈಗ ಆ ಗೂಡಿನಲ್ಲಿರುವುದು 4 ಕಿಲೋವ್ಯಾಟಿನ ಒಲೆ. ಟಾರನ್ನು ಕೆರೆಸಿ ತೆಗೆಸಿದ ಮೇಲೆ ತುದಿಯಿಂದ ಕೆಳಗಿನವರೆಗೆ ಲೈನರ್ ಇಳಿಸಿ, ತಗಡಿಗೆ ಮಸಿ ತೆಗೆಯುವ ಬಾಗಿಲಿಟ್ಟು, ಕಾಗೆ ಜಾತಿಯ ಜಾಕ್‌ಡಾಗಳು ಗೂಡು ಕಟ್ಟದಂತೆ ಮೇಲೆ ಜಾಲರಿಯ ಟೋಪಿ ಹಾಕಿಸಿದೆವು. ಹೊಸದಾಗಿ ಬಂದ ಕೆಲಸಗಾರ ಎಲ್ಲ ಮುಗಿದ ಬಳಿಕ ಅಡುಗೆಮನೆಯ ಫ್ಯಾನನ್ನು ಪೂರ್ತಿ ವೇಗದಲ್ಲಿ ಓಡಿಸಿ, ಕಿಟಕಿ ಬಾಗಿಲು ಮುಚ್ಚಿ, ಹೊಗೆ ಕೋಣೆಗೆ ಮರಳುತ್ತದೆಯೇ ಎಂದು ನೋಡಿದ. ಆಮೇಲೆ ತಾನಾಗಿಯೇ ಪಕ್ಕದ ಮನೆಯವರ ಅನುಮತಿ ಕೇಳಿ ಅವರ ಮಲಗುವ ಕೋಣೆಯಲ್ಲೂ ಮೀಟರು ಇಟ್ಟು ಪರೀಕ್ಷಿಸಿದ. ಪ್ರಮಾಣಪತ್ರ ಅದೇ ತಿಂಗಳಲ್ಲಿ ಬಂತು. ಅದರ ಒಂದು ಪ್ರತಿಯನ್ನು ಪಕ್ಕದ ಮನೆಗೂ ಕೊಟ್ಟಿದ್ದೇವೆ.