ನವಿಲು ಫಾಂಟ್: ಮೆನುಗೆ ಸೈ, ಬೋರ್ಡಿಗೆ ಬೇಡ

ಕೈಬರಹದ ಥರ ಕಾಣುವ ಕನ್ನಡ ಫಾಂಟ್ ಬೇಕು, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಆಗಿರಬೇಕು, ದುಡ್ಡೂ ಕೊಡಬಾರದು ಅಂದರೆ ಆಯ್ಕೆ ಕಡಿಮೆ. ನಾನು ವರ್ಷಗಳಿಂದ ನವಿಲು ಬಳಸುತ್ತಿದ್ದೇನೆ. ತುಮಕೂರಿನಲ್ಲಿ ಸಣ್ಣಪುಟ್ಟ ಡಿಸೈನ್ ಕೆಲಸ ನನ್ನದು. ಹೋಟೆಲ್ ಮೆನು, ನಾಮಕರಣದ ಕಾರ್ಡು, ಉಪ್ಪಿನಕಾಯಿ ಬಾಟಲಿ ಲೇಬಲ್ಲು, ಹೀಗೆ.

ಹತ್ತಿರದಿಂದ ಓದುವ ಕಡೆ ಇದು ಚೆನ್ನಾಗಿ ಕೂರುತ್ತದೆ. ಕ್ಯಾತ್ಸಂದ್ರದ ಒಂದು ತಟ್ಟೆ ಇಡ್ಲಿ ಹೋಟೆಲಿನ ಮೆನು ಇದರಲ್ಲೇ ಮಾಡಿದೆ. ಮಾಲೀಕರಿಗೆ ಎಷ್ಟು ಇಷ್ಟವಾಯಿತು ಅಂದರೆ ‘ಬೋರ್ಡಿಗೂ ಇದನ್ನೇ ಹಾಕಿಬಿಡಿ ಸಾರ್’ ಅಂತ ಹಟ ಹಿಡಿದರು. ಬೇಡ ಅಂದೆ. ನವಿಲಿಗೆ ಇರುವುದು ಒಂದೇ ದಪ್ಪ, ಬೋಲ್ಡ್ ಇಲ್ಲ, ಸಾಫ್ಟ್‌ವೇರಿನ ಬಿ ಬಟನ್ ಒತ್ತಿ ಸುಮ್ನೆ ದಪ್ಪ ಮಾಡಿದರೆ ಒತ್ತಕ್ಷರದ ಒಳಗಿನ ಜಾಗ ಮುಚ್ಚಿಹೋಗಿ ಬಿ.ಎಚ್. ರಸ್ತೆಯ ಆಚೆ ಬದಿಯಿಂದ ನೋಡುವವರಿಗೆ ಬರೀ ಕರಿ ಗಂಟು ಕಾಣುತ್ತದೆ. ಕೊನೆಗೆ ಬೋರ್ಡಿಗೆ ಬಾಲೂ ತಮ್ಮ 2 ಅನ್ನೋ ಫಾಂಟ್ ಹಾಕಿದೆ. ಅದು ಕೈಬರಹ ಅಲ್ಲ, ಆದರೆ ಅಕ್ಷರ ಗುಂಡಗೆ ಮುದ್ದಾಗಿದೆ, ಮಾಮೂಲಿಯಿಂದ (400) ತುಂಬ ದಪ್ಪದವರೆಗೆ (800) 5 ದಪ್ಪ ಸಿಗುತ್ತದೆ. ಅವರಿಗೂ ಸಮಾಧಾನವಾಯಿತು.

ಜಾಸ್ತಿ ತಲೆನೋವು ಫಾಂಟಿನದಲ್ಲ, ಅದನ್ನು ತೆರೆಯುವ ಸಾಫ್ಟ್‌ವೇರಿನದು. ಹಳೇ ಫೋಟೋಶಾಪಿನಲ್ಲಿ (2022ರ ಆವೃತ್ತಿಗಿಂತ ಹಿಂದಿನದು) ಟೆಕ್ಸ್ಟ್ ಎಂಜಿನ್, ಅಂದರೆ ಅಕ್ಷರ ಜೋಡಿಸುವ ಭಾಗವನ್ನು ಭಾರತದ ಲಿಪಿಗಳಿಗೆ ಬದಲಿಸದಿದ್ದರೆ ‘ತಟ್ಟೆ ಇಡ್ಲಿ’ ಹೋಗಿ ‘ತಟ್‌ಟೆ ಇಡ್‌ಲಿ’ ಆಗುತ್ತದೆ. ಪ್ರಿಫರೆನ್ಸಸ್‌ನ ಟೈಪ್ ಭಾಗದಲ್ಲಿ ಆ ಆಯ್ಕೆ ಇದೆ, ಹುಡುಕಿ. ಇಂಕ್‌ಸ್ಕೇಪ್ ಅನ್ನೋ ಉಚಿತ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ಈ ಕಾಟ ಇಲ್ಲ. ಇನ್ನು ಪ್ರೆಸ್ಸಿನ ಕಥೆ ಬೇರೆ. ನಾನು ಕೊಡುವ ಒಂದು ಕಡೆ ಪುಟ ಜೋಡಿಸೋಕೆ ಇನ್ನೂ ಪೇಜ್‌ಮೇಕರ್, ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟು. ಯೂನಿಕೋಡ್ ಅಂದರೆ ‘ಕನ್ವರ್ಟ್ ಮಾಡ್ಕೊಂಡು ಬನ್ನಿ’ ಅಂತಾರೆ, ಕನ್ವರ್ಟ್ ಮಾಡಿದ ಮೇಲೆ ನವಿಲು ಎಲ್ಲಿರುತ್ತೆ ಹೇಳಿ! ಅದಕ್ಕೇ ಅಕ್ಷರಗಳನ್ನು ಕರ್ವ್ಸ್ (ಅಂದರೆ ಬರೀ ಗೆರೆಗಳ ಚಿತ್ರ) ಮಾಡಿ ಪಿಡಿಎಫ್ ಕೊಡುತ್ತೇನೆ. ಮೂಲ ಫೈಲು ಮಾತ್ರ ಬೇರೆ ಇಟ್ಟುಕೊಳ್ಳಿ. ಕರ್ವ್ಸ್ ಆದ ಮೇಲೆ ಕಾಫಿ ರೇಟು ಏರಿದರೆ ಟೈಪ್ ಮಾಡಿ ತಿದ್ದೋಕಾಗಲ್ಲ, ಕಾಫಿ ರೇಟಂತೂ ಏರುತ್ತಲೇ ಇರುತ್ತದೆ.

ಲೈಸೆನ್ಸ್ ವಿಷಯಕ್ಕೆ ಹೆದರಬೇಕಿಲ್ಲ. ಓಪನ್ ಫಾಂಟ್ ಲೈಸೆನ್ಸ್ ಇದೆ, ದುಡ್ಡು ತೆಗೆದುಕೊಂಡು ಮಾಡುವ ಕೆಲಸಕ್ಕೂ ಬಳಸಬಹುದು, ಫಾಂಟನ್ನಷ್ಟೇ ಮಾರುವಂತಿಲ್ಲ. ಕಂಪ್ಯೂಟರಿನಲ್ಲಿ ಉಬುಂಟು, ಡೆಬಿಯನ್ ಥರದ ಲಿನಕ್ಸ್ ಇರುವವರಿಗೆ ಅಲ್ಲೇ ಪ್ಯಾಕೇಜ್ ಸಿಗುತ್ತದೆ.

ಒಂದು ಕೊರತೆ ಮಾತ್ರ ನನಗೆ ಇವತ್ತಿಗೂ ಕಾಡುತ್ತದೆ. ಮನುಷ್ಯ ಬರೆದರೆ ಒಂದು ‘ರ’ ಇದ್ದಂತೆ ಇನ್ನೊಂದು ಇರಲ್ಲ ಅಲ್ವಾ? ಇಲ್ಲಿ ಎಲ್ಲಾ ‘ರ’ ಒಂದೇ ಅಚ್ಚು. ನಾಲ್ಕು ಸಾಲಿಗೆ ಗೊತ್ತಾಗಲ್ಲ, ಪುಟ ತುಂಬ ಬಂದರೆ ಕೈಬರಹ ಅನ್ನುವ ಸೋಗು ಕಳಚುತ್ತದೆ. ಹಾಗಾಗಿ ಆಹ್ವಾನ ಪತ್ರಿಕೆಯಲ್ಲಿ ಮಗುವಿನ ಹೆಸರು, ‘ತಪ್ಪದೇ ಬನ್ನಿ’ ಇಷ್ಟೇ ನವಿಲಿನಲ್ಲಿ, ಮಿಕ್ಕಿದ್ದೆಲ್ಲ ಗುಬ್ಬಿ ಫಾಂಟಿನಲ್ಲಿ. ಸಾಲುಗಳ ನಡುವೆ ಸ್ವಲ್ಪ ಧಾರಾಳವಾಗಿ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.